ನೆಲ ಬದಲಿಸಬೇಕೋ, ಗಾಲಿ ಬದಲಿಸಬೇಕೋ

ಹಂಪಿಯ ವಿಜಯವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಅದರ ಚಕ್ರಗಳ ಕಡೆಗೆ. ಅಚ್ಚಿನ ತುದಿಯಿಂದ ಹೊರಗಿನ ಸುತ್ತಿನವರೆಗೆ ಮರದ ಚಕ್ರದ ವಿವರಗಳನ್ನೆಲ್ಲ ಶಿಲ್ಪಿ ಕಲ್ಲಿನಲ್ಲಿ ತಂದಿದ್ದಾನೆ. 2017ರಲ್ಲಿ ಚಲಾವಣೆಗೆ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಇರುವುದೂ ಇದೇ ರಥ. ರಥವೆಂದು ಕರೆದರೂ ಇದು ನಿಜಕ್ಕೆ ಗರುಡನ ಗುಡಿ. ಎಲ್ಲಿಗೂ ಹೋಗಬೇಕಾಗಿಲ್ಲದ ಕಾರಣ ಇದರ ಚಕ್ರಕ್ಕೆ ಕೆಸರಿನ ಚಿಂತೆಯಿಲ್ಲ, ಕಲ್ಲಿನ ಚಿಂತೆಯೂ ಇಲ್ಲ. ಚಕ್ರದ ಕಷ್ಟಗಳೆಲ್ಲ ಶುರುವಾಗುವುದು ಅದು ಉರುಳತೊಡಗಿದ ಮೇಲೆ. ಉರುಳುವ ಚಕ್ರಕ್ಕೆ ಇಬ್ಬರು ಯಜಮಾನರು: ಮೇಲಿರುವ ಹೊರೆ ಒಬ್ಬ, ಕೆಳಗಿರುವ ನೆಲ ಇನ್ನೊಬ್ಬ. ಇಬ್ಬರನ್ನೂ ಒಟ್ಟಿಗೆ ಮೆಚ್ಚಿಸುವುದು ಸುಲಭವಲ್ಲ.

ಹೊಸಪೇಟೆಯ ಸುತ್ತ ಒಂದು ದಿನದ ಪ್ರಯಾಣದಲ್ಲಿ ಎಷ್ಟೊಂದು ಬಗೆಯ ನೆಲ ಸಿಗುತ್ತದೆ! ಹಂಪಿಯಲ್ಲಿ ಬಂಡೆ, ಸಂಡೂರಿನಲ್ಲಿ ಅದಿರು ತುಂಬಿದ ಕೆಂಪು ಗುಡ್ಡ, ಕಂಪ್ಲಿಯಲ್ಲಿ ನೀರು ನಿಂತ ಬತ್ತದ ಗದ್ದೆ, ಹೊಸಪೇಟೆಯಿಂದ ನಾಲ್ಕು ದಿಕ್ಕಿಗೂ ಹೊರಡುವ ಡಾಂಬರು ರಸ್ತೆ. ಇವುಗಳ ಜೊತೆಗೆ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ವಿಮಾನ ಇಳಿಯುವ ರನ್‌ವೇ. ಇಷ್ಟು ಬಗೆಯ ನೆಲವಿರುವ ಕಡೆ ಗಾಲಿಯ ಕಥೆಯೂ ಸರಳವಾಗಿರಲು ಸಾಧ್ಯವಿಲ್ಲ.

ಈ ಕಥೆಯ ಒಂದು ತುದಿಯಲ್ಲಿ ಎತ್ತಿನ ಬಂಡಿ ಇದೆ, ಇನ್ನೊಂದು ತುದಿಯಲ್ಲಿ ಇಬ್ಬರು ನಾಲ್ವರು ಕೂರುವ ಸಣ್ಣ ವಿಮಾನ. ಎರಡಕ್ಕೂ ಸಂಬಂಧವೇನು ಎಂದು ಕೇಳಬಹುದು. ಹುಲ್ಲಿನ ಮೈದಾನದಲ್ಲೋ ಮಣ್ಣಿನ ಪಟ್ಟಿಯಲ್ಲೋ ಇಳಿಯುವ ಸಣ್ಣ ವಿಮಾನದ ಮುಂದಿನ ಗಾಲಿ ಹೂತುಕೊಳ್ಳುತ್ತದೆ, ಕುಣಿಗೆ ಬಿದ್ದು ಮುಗ್ಗರಿಸುತ್ತದೆ. ಆಗ ಅದರ ಒಡೆಯನಿಗೆ ಹೊಳೆಯುವ ಮೊದಲ ಉಪಾಯ, ಅಲ್ಲಿ ಇನ್ನೂ ದೊಡ್ಡ ಟೈರು ಹಾಕಿದರೆ ಹೇಗೆ ಎಂಬುದು. ಬಂಡಿ ಕಟ್ಟುವ ಬಡಗಿ ನೂರಾರು ವರ್ಷ ಎದುರಿಸಿದ ಪ್ರಶ್ನೆಯೂ ಇದೇ. ಉತ್ತರ ಮಾತ್ರ ಮೇಲ್ನೋಟಕ್ಕೆ ಕಾಣುವಷ್ಟು ನೇರವಾಗಿಲ್ಲ.

ಗಾಲಿ ಬೇಡವೆಂದ ದಾರಿ

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ನಗರದ ಬೀದಿಗಳಲ್ಲಿ ಹೇರೆತ್ತುಗಳ ಸಾಲನ್ನು ಕಂಡು ಬೆರಗಾಗಿದ್ದ. ಹೊರೆ ಹೊತ್ತ ಎತ್ತುಗಳು ದಾಟುವ ತನಕ ಕಾಯಬೇಕಾಗುತ್ತಿತ್ತು, ಇಲ್ಲವೆ ಬೇರೆ ಬೀದಿ ಹಿಡಿಯಬೇಕಾಗುತ್ತಿತ್ತು ಎಂದು ಅವನು ಬರೆದಿದ್ದಾನೆ. ಅಷ್ಟು ದೊಡ್ಡ ರಾಜಧಾನಿಗೆ ಬರುವ ಸರಕು ಎತ್ತಿನ ಬೆನ್ನೇರಿ ಬರುತ್ತಿದ್ದುದಕ್ಕೆ ಕಾರಣವನ್ನು ಹಂಪಿಯ ಬಂಡೆಗಳ ನಡುವೆ ನಡೆದಾಡಿದವರು ಸುಲಭವಾಗಿ ಊಹಿಸಬಹುದು. ಎರಡು ಬಂಡೆಗಳ ಸಂದಿನಲ್ಲಿ, ಗುಡ್ಡದ ಏರಿನಲ್ಲಿ ಎತ್ತಿನ ನಾಲ್ಕು ಕಾಲು ಹೋದಲ್ಲಿ ಗಾಲಿ ಹೋಗಲಾರದು. ಕಸೂತಿಗೆ ಹೆಸರಾದ ಸಂಡೂರಿನ ಲಂಬಾಣಿಗರ ಸಮುದಾಯವೂ ಒಂದು ಕಾಲಕ್ಕೆ ಹೇರೆತ್ತಿನ ವ್ಯಾಪಾರಕ್ಕೆ ಹೆಸರಾದದ್ದೇ. ಉಪ್ಪು, ಧಾನ್ಯಗಳನ್ನು ಅವರು ದೂರದೂರಕ್ಕೆ ಸಾಗಿಸಿದ್ದು ಚಕ್ರದ ಹಂಗಿಲ್ಲದೆ.

ಗಾಲಿಯ ಮೇಲೆಯೇ ಸಾಗಬೇಕಾದದ್ದು ದೇವರ ತೇರು. ತೇರಿನ ಚಕ್ರ ದಪ್ಪ ಮರದ್ದು, ಅದರ ಮೇಲಿನ ಭಾರವೋ ಅಪಾರ. ಅದನ್ನು ಬೇಕಾದ ಕಡೆ ತಿರುಗಿಸಲು ಚುಕ್ಕಾಣಿಯಿಲ್ಲ. ಚಕ್ರದಡಿಗೆ ಮರದ ತುಂಡು ಕೊಟ್ಟು, ಎಳೆಯುವವರ ಹಗ್ಗ ಸಡಿಲಿಸಿ, ಬಿಗಿದು ದಾರಿಗೆ ತರಬೇಕು. ಇಂಥ ವಾಹನಕ್ಕೆ ಹೊಂದುವಂತೆ ಚಕ್ರವನ್ನು ಬದಲಿಸಲು ಹೊರಟವರಿಲ್ಲ, ನೆಲವನ್ನೇ ಬದಲಿಸಿದರು. ವಿರೂಪಾಕ್ಷನ ಗುಡಿಯ ಮುಂದೆ ಮುಕ್ಕಾಲು ಕಿಲೋಮೀಟರಿನಷ್ಟು ನೆಟ್ಟಗೆ, ಅಗಲವಾಗಿ, ಮಟ್ಟಸವಾಗಿ ಚಾಚಿರುವ ತೇರುಬೀದಿಯನ್ನು ಈ ಕಣ್ಣಿನಿಂದ ನೋಡಬೇಕು. ವಿಠ್ಠಲ, ಕೃಷ್ಣ, ಅಚ್ಯುತರಾಯ ದೇಗುಲಗಳ ಮುಂದೆಯೂ ಇಂಥ ಬೀದಿಗಳಿವೆ. ಬಂಡೆಗಳ ನಾಡಿನಲ್ಲಿ ಇಷ್ಟೊಂದು ಸಪಾಟು ನೆಲವನ್ನು ಹೊಂದಿಸಿಕೊಂಡದ್ದು ವ್ಯಾಪಾರದ ಜೊತೆಗೆ ಚಕ್ರದ ಸಲುವಾಗಿಯೂ ಹೌದು.

ದೊಡ್ಡ ಚಕ್ರದ ಲೆಕ್ಕ

ಊರಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ಹೋಗುವ ರೈತನಿಗೆ ತೇರುಬೀದಿ ಇರಲಿಲ್ಲ. ಅವನು ಇದ್ದ ನೆಲಕ್ಕೇ ಗಾಲಿಯನ್ನು ಹೊಂದಿಸಿಕೊಂಡ. ಬಯಲುಸೀಮೆಯ ಹಳೆಯ ಬಂಡಿಯ ಚಕ್ರ ಎತ್ತಿನ ಎದೆಮಟ್ಟಕ್ಕೆ ಬರುವಷ್ಟು ದೊಡ್ಡದಾಗಿರುತ್ತಿದ್ದುದು ಅಂದಕ್ಕಲ್ಲ.

ದಾರಿಯಲ್ಲಿ 2 ಅಂಗುಲ ಎತ್ತರದ ಕಲ್ಲೊಂದು ಅಡ್ಡ ಬಂದಿದೆ ಎಂದುಕೊಳ್ಳಬಹುದು. ಚಕ್ರದ ಮೇಲೆ 100 ಕಿಲೋ ಭಾರವಿದೆ. ಚಕ್ರ ಗಟ್ಟಿಯಾದದ್ದು, ಕಲ್ಲಿಗೆ ತಗುಲಿ ನಿಂತಿದೆ. ಅದನ್ನು ಕಲ್ಲಿನ ಮೇಲೆ ಹತ್ತಿಸಲು ಅಚ್ಚನ್ನು ಮುಂದಕ್ಕೆ ಎಷ್ಟು ಬಲವಾಗಿ ಎಳೆಯಬೇಕು? 5 ಅಡಿ ವ್ಯಾಸದ ಬಂಡಿಯ ಚಕ್ರವಾದರೆ ಸುಮಾರು 38 ಕಿಲೋ ಭಾರಕ್ಕೆ ಸಮನಾದ ಎಳೆತ ಸಾಕು. ಹದಿನೇಳೂವರೆ ಅಂಗುಲದ ಚಕ್ರವಾದರೆ 82 ಕಿಲೋ ಬೇಕು. 14 ಅಂಗುಲದ್ದಾದರೆ 98 ಕಿಲೋ, ಎಂದರೆ ಹೆಚ್ಚುಕಡಿಮೆ ಮೇಲಿರುವ ಭಾರದಷ್ಟೇ ಎಳೆತ. ಕಲ್ಲು ಒಂದೇ, ಹೊರೆ ಒಂದೇ. ಚಕ್ರ ಚಿಕ್ಕದಾದಂತೆ ಆ ಕಲ್ಲೇ ಗೋಡೆಯಾಗುತ್ತದೆ. ಕೊನೆಯ ಎರಡು ಅಳತೆಗಳನ್ನು ಓದುಗರು ನೆನಪಿನಲ್ಲಿಡಬೇಕು. ಸಣ್ಣ ವಿಮಾನದ ಮುಂದಿನ ಗಾಲಿಗೆ ಹಾಕುವ ಎರಡು ಬಗೆಯ ಟೈರುಗಳ ಅಳತೆ ಅವೇ.

ದೊಡ್ಡ ಮರದ ಚಕ್ರಕ್ಕೂ ಒಂದು ಕೊರತೆ ಇತ್ತು. ಅದರ ಸುತ್ತ ಕಾಯಿಸಿ ಕೂರಿಸಿದ ಕಬ್ಬಿಣದ ಹಳಿ ಕಿರಿದು. ಇಡೀ ಬಂಡಿಯ ಭಾರ ಎರಡು ಬೆರಳಗಲದ ಗೆರೆಯ ಮೇಲೆ ಬೀಳುತ್ತಿತ್ತು. ಒಣನೆಲದಲ್ಲಿ ಸರಾಗ, ಎರೆಮಣ್ಣು ನೆನೆದರೆ ಚಾಕು ಇಳಿದಂತೆ ಇಳಿಯುತ್ತಿತ್ತು. ಡಾಂಬರು ರಸ್ತೆಗಳು ಬಂದ ಮೇಲೆ ಅದೇ ಹಳಿ ರಸ್ತೆಗೆ ಶತ್ರುವಾಯಿತು.

ಗಾಳಿ ತುಂಬಿದ ಚಕ್ರ

ಚಕ್ರಕ್ಕೆ ಗಾಳಿಯ ಮೆತ್ತೆ ಕಟ್ಟುವ ಉಪಾಯಕ್ಕೆ ಸ್ಕಾಟ್‌ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದ ಮೇಲೆ ಜಗತ್ತು ರಬ್ಬರಿನ ಮೇಲೆ ಓಡತೊಡಗಿತು. ಸೈಕಲ್ಲು, ಕಾರು, ಲಾರಿ, ವಿಮಾನ, ಕಡೆಗೆ ಎತ್ತಿನ ಬಂಡಿಗೂ ಟೈರು ಬಂತು. ಸಂತೆಯ ಕಡೆಗೂ ಕಬ್ಬಿನ ಗದ್ದೆಯ ಕಡೆಗೂ ಟೈರಿನ ಬಂಡಿಗಳು ಹೊರಟವು.

ಟೈರು ಬಂದಾಗ ಚಕ್ರ ಚಿಕ್ಕದಾಯಿತು, ಅಗಲವಾಯಿತು, ಮೆತ್ತಗಾಯಿತು. ಸಣ್ಣ ಕಲ್ಲನ್ನು ಹತ್ತಿ ಇಳಿಯುವ ಬದಲು ಟೈರು ಅದನ್ನು ತನ್ನೊಳಗೆ ಅಡಗಿಸಿಕೊಂಡು ಮುಂದೆ ಹೋಗುತ್ತದೆ. ಗುಂಬಕ್ಕೆ ಕೀಲೆಣ್ಣೆ ಹಾಕುವ ಕಡೆ ಬೇರಿಂಗು ಬಂತು. ಎತ್ತಿಗೆ ಎಳೆತ ಹಗುರವಾಯಿತು. ಲಾಭವೆಲ್ಲ ಕಣ್ಣಿಗೆ ಕಾಣುವಂಥದ್ದೇ.

ಬೇರೆ ಪರಿಣಾಮಗಳು ನಿಧಾನವಾಗಿ ಕಂಡವು. ಐದು ಅಡಿಯ ಚಕ್ರದಲ್ಲಿ ಅಚ್ಚು ನೆಲದಿಂದ ಎರಡೂವರೆ ಅಡಿ ಮೇಲಿರುತ್ತದೆ. ಟೈರಿನ ಚಕ್ರದಲ್ಲಿ ಅದು ಒಂದು ಅಡಿಗೂ ಹೆಚ್ಚು ಕೆಳಗಿಳಿಯಿತು. ಎತ್ತಿನ ಹೆಗಲು ಮಾತ್ರ ಇದ್ದಲ್ಲೇ ಇತ್ತು. ಆದ್ದರಿಂದ ಮೂಕಿಯ ಓರೆ ಬದಲಾಯಿತು; ಅಚ್ಚಿನ ಮೇಲೆ ಎತ್ತರ ಕೊಟ್ಟು ಬಂಡಿಯ ಮೈಯನ್ನು ಮತ್ತೆ ಮಟ್ಟಕ್ಕೆ ತರಬೇಕಾಯಿತು. ಎರಡು ಗಾಲಿಯ ಬಂಡಿಗೆ ಮೂರನೆಯ ಆಧಾರವೆಂದರೆ ಎತ್ತಿನ ಹೆಗಲೇ. ಹೊರೆ ಮುಂದೆ ವಾಲಿದರೆ ನೊಗ ಹೆಗಲನ್ನು ಒತ್ತುತ್ತದೆ, ಹಿಂದೆ ವಾಲಿದರೆ ನೊಗ ಮೇಲೆದ್ದು ಜತ್ತಿಗೆ ಕೊರಳಿಗೆ ಬಿಗಿಯುತ್ತದೆ. ಹೀಗಾಗಿ ಗಾಲಿಯಲ್ಲಿ ಮಾಡಿದ ಬದಲಾವಣೆಯ ಲೆಕ್ಕವನ್ನು ಎತ್ತು ತನ್ನ ಹೆಗಲಿನಲ್ಲಿ ತೀರಿಸಬೇಕಾಗುತ್ತಿತ್ತು. ಎಳೆತ ಹಗುರವಾಯಿತೆಂದು ಹೊರೆ ಹೆಚ್ಚಿಸಿದಾಗಲಂತೂ ಇಳಿಜಾರಿನಲ್ಲಿ ಆ ಹೊರೆಯನ್ನು ತಡೆದು ಹಿಡಿಯುವ ಕೆಲಸವೂ ಅದೇ ಕೊರಳಿಗೆ ಬಿತ್ತು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಯನ್ನು ಹಲವು ವರ್ಷಗಳ ಕಾಲ ಹಚ್ಚಿಕೊಂಡಿದ್ದರು. ಅವರು ಚಕ್ರದ ಜೊತೆಗೆ ನೊಗದ ಬಗ್ಗೆಯೂ ಮತ್ತೆ ಮತ್ತೆ ಮಾತನಾಡಿದ್ದು ಸುಮ್ಮನೆ ಅಲ್ಲ.

ಇಲ್ಲೊಂದು ಸ್ವಾರಸ್ಯದ ಸಂಗತಿಯುಂಟು. ರಾಜಸ್ಥಾನದ ಮರಳುಗಾಡಿನಲ್ಲಿ ಒಂಟೆ ಗಾಡಿಗಳಿಗೆ ಹಾಕುವುದು ವಿಮಾನಗಳು ಬಳಸಿ ಬಿಟ್ಟ ಹಳೆಯ ಟೈರುಗಳನ್ನು. ಅಗಲವಾದ ಆ ಟೈರು ಮರಳಿನಲ್ಲಿ ಹೂಳುವುದಿಲ್ಲ. ಗಾಡಿಗೂ ವಿಮಾನಕ್ಕೂ ಇರುವ ನಂಟು ಬರಿಯ ಹೋಲಿಕೆಯ ಮಾತಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ವಿಮಾನದ ಮೂರನೆಯ ಗಾಲಿ

ವಿಮಾನ ಆಕಾಶದ ವಾಹನ. ಆದರೂ ಅದರ ಕಷ್ಟದ ಗಳಿಗೆಗಳಲ್ಲಿ ಹಲವು ನೆಲದ ಮೇಲೆಯೇ ಕಳೆಯುತ್ತವೆ. ಸಣ್ಣ ವಿಮಾನಕ್ಕೆ ರೆಕ್ಕೆಯ ಆಸುಪಾಸಿನಲ್ಲಿ ಎರಡು ಮುಖ್ಯ ಗಾಲಿಗಳು. ಬಂಡಿಯಂತೆ ಇದಕ್ಕೂ ಮೂರನೆಯ ಆಧಾರವೊಂದು ಬೇಕು. ಅದನ್ನು ಬಾಲದ ಕೆಳಗೆ ಇಡಬೇಕೋ, ಮೂತಿಯ ಕೆಳಗೆ ಇಡಬೇಕೋ ಎಂಬುದೇ ವಿಮಾನ ಕಟ್ಟುವವರ ಹಳೆಯ ಜಿಜ್ಞಾಸೆ.

ಕರ್ನಾಟಕದಲ್ಲಿ ಈ ಜಿಜ್ಞಾಸೆಯ ಎರಡೂ ಘಟ್ಟಗಳನ್ನು ಕಾಣಬಹುದು. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆ ಅವರ ಮುಂದಾಳುತನದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ ಮೊದಲು ಹಾರಿದ್ದು 1951ರಲ್ಲಿ. ಅದರ ಮೂರನೆಯ ಗಾಲಿ ಬಾಲದ ಕೆಳಗಿತ್ತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಮನೆಮಾತಾದ ಪುಷ್ಪಕ್ ವಿಮಾನ 1958ರಲ್ಲಿ ಬಂತು. ಅದೂ ಬಾಲದ ಗಾಲಿಯದೇ. 1977ರಲ್ಲಿ ಮೊದಲು ಹಾರಿದ ಎಚ್‌ಪಿಟಿ-32 ದೀಪಕ್ ವಿಮಾನದಲ್ಲಿ ಗಾಲಿ ಮೂತಿಯ ಕೆಳಗೆ ಬಂತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರೂಪುಗೊಂಡು 1993ರ ನವೆಂಬರಿನಲ್ಲಿ ಹಾರಿದ ಎರಡು ಆಸನದ ಹಂಸ, 2021ರಲ್ಲಿ ಹಾರಿದ ಅದರ ಹೊಸ ರೂಪವಾದ ಹಂಸ-ಎನ್‌ಜಿ, ಎರಡಕ್ಕೂ ಗಾಲಿ ಮುಂದೆಯೇ. ಅಮೆರಿಕದ ಸೆಸ್ನಾ ಕಂಪನಿ ಇದೇ ಬದಲಾವಣೆಯನ್ನು 1955ರಲ್ಲಿ ಮಾಡಿತ್ತು. ಬಾಲದ ಗಾಲಿಯಿದ್ದ 170 ಮಾದರಿಗೆ ಮುಂದಿನ ಗಾಲಿ ಕೊಟ್ಟು ರೂಪಿಸಿದ ಸೆಸ್ನಾ 172 ಮುಂದೆ ಜಗತ್ತಿನಾದ್ಯಂತ ಹಾರಾಟ ಶಾಲೆಗಳಿಗೆ ಅಚ್ಚುಮೆಚ್ಚಿನದಾಯಿತು.

ಮುಂದಿನ ಗಾಲಿ ಗೆದ್ದದ್ದು ಸಕಾರಣವಾಗಿಯೇ. ಬಾಲದ ಗಾಲಿಯ ವಿಮಾನ ನೆಲದ ಮೇಲೆ ಮೂತಿ ಎತ್ತಿ ನಿಲ್ಲುತ್ತದೆ. ಚಾಲಕನಿಗೆ ಎದುರಿನ ದಾರಿ ಕಾಣದೆ ಹಾವಿನಂತೆ ಅತ್ತಿತ್ತ ಹೊರಳಿಸುತ್ತ ಸಾಗಬೇಕು. ಜೋರಾಗಿ ಬ್ರೇಕು ಒತ್ತಿದರೆ ಮುಗ್ಗರಿಸುವ ಭಯ. ಇಳಿದ ಮೇಲೆ ಸ್ವಲ್ಪ ಅಡ್ಡಾದರೂ ಸುತ್ತು ಹೊಡೆಯುವ ಚಾಳಿ. ಗಾಲಿ ಮುಂದೆ ಬಂದಾಗ ವಿಮಾನ ಮಟ್ಟಸವಾಗಿ ನಿಂತಿತು, ದಾರಿ ಕಂಡಿತು, ನೆಟ್ಟಗೆ ಓಡುವ ಗುಣ ತಾನಾಗಿ ಬಂತು. ಕಲಿಯುವವರಿಗೆ ಇದು ವರದಾನ.

ಆದರೆ ಮೈದಾನದ ನೆಲದಲ್ಲಿ ಇದೇ ಗಾಲಿ ಎಲ್ಲಕ್ಕಿಂತ ಬಡಪಾಯಿ. ಬಾಲದ ಗಾಲಿ ಎಳೆಸಿಕೊಂಡು ಹಿಂದೆ ಬರುತ್ತದೆ; ಮುಂದಿನ ಗಾಲಿ ಪ್ರತಿ ತಗ್ಗನ್ನೂ ತಾನೇ ಮೊದಲು ಎದುರಿಸಬೇಕು. ಕೈಗಾಡಿಯನ್ನು ಹಳ್ಳಕೊಳ್ಳದಲ್ಲಿ ತಳ್ಳುವುದಕ್ಕಿಂತ ಎಳೆಯುವುದು ಸುಲಭವೆಂದು ಕೂಲಿಯವರಿಗೆಲ್ಲ ಗೊತ್ತು. ಮುಂದಿನ ಗಾಲಿಗೆ ತಳ್ಳಿಸಿಕೊಳ್ಳುವ ಪಾಡು. ಅದರ ಹತ್ತಿರವೇ ವಿಮಾನದ ಅತಿ ಭಾರದ ಅಂಗವಾದ ಎಂಜಿನ್ನು, ಅದರ ಎದುರಿಗೆ ಸುತ್ತುವ ಪ್ರೊಪೆಲರು. ಗಾಲಿ ಮೂರು ಅಂಗುಲ ಹೂತರೆ ಪ್ರೊಪೆಲರಿನ ತುದಿಯೂ ಅಷ್ಟು ನೆಲಕ್ಕೆ ಹತ್ತಿರವಾಗುತ್ತದೆ. ತುದಿ ನೆಲಕ್ಕೆ ತಗುಲಿತೆಂದರೆ ಪ್ರೊಪೆಲರಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಪೆಟ್ಟು ಎಂಜಿನ್ನಿನ ಒಳಗಿನ ದಂಡದವರೆಗೂ ಹೋಗುವುದರಿಂದ ಎಂಜಿನ್ನನ್ನೇ ಬಿಚ್ಚಿ ಪರೀಕ್ಷಿಸಬೇಕು. ಅಮೆರಿಕದಲ್ಲಿ ದಶಕಗಳ ಕಾಲ ಜಾರಿಯಲ್ಲಿದ್ದ ನಿಯಮದಂತೆ ಮುಂದಿನ ಗಾಲಿಯ ಸಣ್ಣ ವಿಮಾನದಲ್ಲಿ ಪ್ರೊಪೆಲರಿನ ತುದಿಗೂ ನೆಲಕ್ಕೂ ಕನಿಷ್ಠ 7 ಅಂಗುಲ ಅಂತರವಿರಬೇಕಾಗಿತ್ತು. ಬಾಲದ ಗಾಲಿಯದಾದರೆ 9 ಅಂಗುಲ. ಏಳು ಅಂಗುಲವೆಂದರೆ ಒಂದು ಗೇಣಿಗಿಂತಲೂ ಕಡಿಮೆ. ಮಳೆ ಬಿದ್ದ ಮೈದಾನದಲ್ಲಿ ಆ ಗೇಣು ಎಷ್ಟು ಹೊತ್ತು ಉಳಿದೀತು?

ದೊಡ್ಡ ಟೈರು ಹಾಕಿದರೆ

ಸಣ್ಣ ವಿಮಾನದ ಟೈರಿಗೆ 5.00-5, 6.00-6 ಎಂಬ ಅಂಕಿಗಳಿರುತ್ತವೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಅಂಗುಲಗಳಲ್ಲಿ. ಸೆಸ್ನಾ 172ರ ಮುಖ್ಯ ಗಾಲಿಗಳು 6.00-6 ಅಳತೆಯವು, ಮುಂದಿನದು ಸಾಮಾನ್ಯವಾಗಿ 5.00-5. ಹೊರ ಅಳತೆಯಲ್ಲಿ ಇವು ಸುಮಾರು ಹದಿನೇಳೂವರೆ ಮತ್ತು 14 ಅಂಗುಲ. ಮುಂದೆಯೂ 6.00-6 ಟೈರನ್ನೇ ಹಾಕುವ ಏರ್ಪಾಡು ಆ ವಿಮಾನಕ್ಕೆ ಉಂಟು.

ಇದರಿಂದ ಮೂರು ಲಾಭ. ಮೊದಲನೆಯದು ಆಗಲೇ ಹೇಳಿದ್ದು: ಎರಡು ಅಂಗುಲದ ಕಲ್ಲನ್ನು ಹತ್ತಲು ಬೇಕಾದ ನೂಕುಬಲ ಆರನೆಯ ಒಂದು ಪಾಲಿನಷ್ಟು ಇಳಿಯುತ್ತದೆ. ಎರಡನೆಯದು, ಟೈರಿನ ಒಳಗೆ ಗಾಳಿಗೆ ಜಾಗ ಹೆಚ್ಚಿರುವುದರಿಂದ ಕಡಿಮೆ ಒತ್ತಡದಲ್ಲಿ ಅದೇ ಭಾರ ಹೊರಬಹುದು. ಸೆಸ್ನಾ 172ರ ಒಂದು ಮಾದರಿಯ ಕೈಪಿಡಿಯಲ್ಲಿ ಮುಂದಿನ ಚಿಕ್ಕ ಟೈರಿಗೆ ಚದರ ಅಂಗುಲಕ್ಕೆ 31 ಪೌಂಡು ಒತ್ತಡ, ದೊಡ್ಡದಕ್ಕೆ 26 ಪೌಂಡು ಎಂದಿದೆ. ಟೈರು ನೆಲವನ್ನು ಒತ್ತುವ ಬಲ ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡದಷ್ಟೇ ಇರುವುದರಿಂದ, ದೊಡ್ಡ ಟೈರಿನ ಹೆಜ್ಜೆ ಐದನೆಯ ಒಂದು ಪಾಲಿನಷ್ಟು ಅಗಲವಾಗುತ್ತದೆ. ಹೂಳುವುದು ಅಷ್ಟು ಕಡಿಮೆಯಾಗುತ್ತದೆ. ಮೂರನೆಯದು, ಮೂತಿ ಒಂದೂವರೆ ಅಂಗುಲಕ್ಕಿಂತ ತುಸು ಹೆಚ್ಚು ಮೇಲೇರುತ್ತದೆ. ಒಂದು ಗೇಣೂ ಇಲ್ಲದ ಕಡೆ ಒಂದೂವರೆ ಅಂಗುಲ ದೊಡ್ಡ ಆಸ್ತಿಯೇ. ಪ್ರೊಪೆಲರು ಸಣ್ಣ ಹರಳುಗಳನ್ನು ಎಳೆದುಕೊಂಡು ತನ್ನ ಅಂಚನ್ನು ಜಜ್ಜಿಸಿಕೊಳ್ಳುವುದೂ ಕಡಿಮೆಯಾಗುತ್ತದೆ.

ಇನ್ನು ಖರ್ಚಿನ ಕಡೆ. ದೊಡ್ಡ ಟೈರು ಹಳೆಯ ಫೋರ್ಕಿನಲ್ಲಿ ಕೂರುವುದಿಲ್ಲ. ಸೈಕಲ್ಲಿನಲ್ಲಿ ಇರುವಂತೆ ಗಾಲಿಯನ್ನು ಎರಡು ಕಡೆಯಿಂದ ಹಿಡಿಯುವ ಕವಲು ಅದು. ಟೈರಿಗೂ ಅದಕ್ಕೂ ನಡುವೆ ಸಂದು ಬೇಕು. ಹೊಸ ಟೈರು ಗಾಳಿ ತುಂಬಿದ ಮೇಲೆ ತುಸು ಹಿಗ್ಗುತ್ತದೆ, ಜೋರಾಗಿ ತಿರುಗುವಾಗ ಇನ್ನಷ್ಟು ಹಿಗ್ಗುತ್ತದೆ. ಸಂದು ಕಿರಿದಾದರೆ ಕೆಸರು ಅಲ್ಲಿ ಗಟ್ಟಿಯಾಗಿ ಮೆತ್ತಿಕೊಂಡು ಗಾಲಿಯೇ ನಿಂತುಬಿಡುತ್ತದೆ. ಕೆಸರಿಗೆಂದು ಹಾಕಿದ ಟೈರು ಕೆಸರಿನಿಂದಲೇ ಸಿಕ್ಕಿಕೊಂಡಂತೆ! ಆದ್ದರಿಂದ ದೊಡ್ಡ ಟೈರಿಗೆ ದೊಡ್ಡ ಫೋರ್ಕು ಬೇಕು. ಗಾಲಿಯನ್ನು ಮುಚ್ಚಿ ಗಾಳಿಯ ತಡೆ ತಗ್ಗಿಸುವ ಹೊದಿಕೆ ಹಳೆಯದಾದರೆ ಹಿಡಿಸುವುದಿಲ್ಲ. ಅದನ್ನು ತೆಗೆದಿಟ್ಟರೆ ವೇಗ ಸ್ವಲ್ಪ ಕುಂದುತ್ತದೆ. ಹಾರುವಾಗ ಗಾಲಿಯನ್ನು ಒಳಗೆ ಮಡಚಿಕೊಳ್ಳುವ ವಿಮಾನವಾದರೆ ದೊಡ್ಡ ಟೈರಿಗೆ ಆ ಗೂಡಿನಲ್ಲಿ ಜಾಗವೇ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಮಟ್ಟದ ಪ್ರಶ್ನೆ. ಬಂಡಿಯ ಅಚ್ಚು ಇಳಿದಾಗ ಮೂಕಿ ಓರೆಯಾದಂತೆ, ವಿಮಾನದ ಮೂತಿ ಏರಿದಾಗ ಇಡೀ ಮೈ ಓರೆಯಾಗುತ್ತದೆ. ಸೆಸ್ನಾ 172ರಲ್ಲಿ ಮುಂದಿನ ಗಾಲಿಗೂ ಮುಖ್ಯ ಗಾಲಿಗಳಿಗೂ ಇರುವ ಅಂತರ ಸುಮಾರು 65 ಅಂಗುಲ. ಮುಂದೆ ಒಂದೂವರೆ ಅಂಗುಲ ಏರಿದರೆ ರೆಕ್ಕೆ ಗಾಳಿಗೆ ಒಡ್ಡಿಕೊಳ್ಳುವ ಕೋನ ಸುಮಾರು ಒಂದೂಕಾಲು ಡಿಗ್ರಿ ಹೆಚ್ಚುತ್ತದೆ. ಕೇಳಲು ಅಲ್ಪ. ಆದರೆ ಚಾಲಕ ಇಳಿಯುವಾಗ ಮುಖ್ಯ ಗಾಲಿಗಳು ಮೊದಲು ನೆಲ ಮುಟ್ಟಿ ಆಮೇಲೆ ಮುಂದಿನದು ಮುಟ್ಟುವಂತೆ ಮೂತಿ ಎತ್ತಿ ಹಿಡಿಯಬೇಕು. ಮುಂದಿನ ಗಾಲಿ ದೊಡ್ಡದಾದಷ್ಟೂ ಅದು ನೆಲಕ್ಕೆ ಬೇಗ ತಗಲುತ್ತದೆ. ಹಳೆಯ ಅಭ್ಯಾಸದಲ್ಲೇ ಇಳಿಸಿದರೆ ಮುಂದಿನದೇ ಮೊದಲು ಬಡಿದು ವಿಮಾನ ಕುಪ್ಪಳಿಸುವ ಸಂಭವವುಂಟು. ಹೀಗೆ ಕುಪ್ಪಳಿಸುತ್ತ ಮೂತಿ ಮತ್ತೆ ಮತ್ತೆ ಬಡಿದು ಮುಂಗಾಲು ಮುರಿಯುವುದು ಸಣ್ಣ ವಿಮಾನಗಳ ಅಪಘಾತಗಳಲ್ಲಿ ಹಳೆಯ ಪರಿಚಿತ ಬಗೆ.

ಇದರ ಜೊತೆಗೆ ನಡುಕದ ಕಾಟವೂ ಇದೆ. ತಳ್ಳುಗಾಡಿಯ ಸಣ್ಣ ಚಕ್ರ ಓಡುವಾಗ ಪಟಪಟನೆ ಅತ್ತಿತ್ತ ಒದರಾಡುವುದನ್ನು ಎಲ್ಲರೂ ನೋಡಿದ್ದಾರೆ. ವಿಮಾನದ ಮುಂದಿನ ಗಾಲಿಗೂ ಅದೇ ರೋಗ. ಅದನ್ನು ಹತೋಟಿಯಲ್ಲಿಡಲು ಡ್ಯಾಂಪರ್ ಎಂಬ ಸಾಧನವಿರುತ್ತದೆ. ಗಾಲಿಯ ತೂಕ ಹೆಚ್ಚಿದಾಗ, ಅಥವಾ ಟೈರು ಸಮತೂಕದಲ್ಲಿ ಇಲ್ಲದಾಗ ನಡುಕ ಜೋರಾಗಿ ಡ್ಯಾಂಪರಿನ ಶಕ್ತಿ ಸಾಲದೆ ಹೋಗಬಹುದು.

ಕಡೆಯದಾಗಿ, ದೊಡ್ಡ ಟೈರು ಹಾಕಿದ ಮಾತ್ರಕ್ಕೆ ಅದನ್ನು ಹೊತ್ತ ಕಾಲು ಗಟ್ಟಿಯಾಗುವುದಿಲ್ಲ. ಆ ಕಾಲು ಸೆಸ್ನಾದಂಥ ವಿಮಾನದಲ್ಲಿ ಎಂಜಿನ್ನಿಗೂ ಚಾಲಕನ ಕೋಣೆಗೂ ನಡುವಿನ ತಗಡಿನ ಗೋಡೆಗೆ ಅಂಟಿಕೊಂಡಿರುತ್ತದೆ. ಮೂತಿ ಜೋರಾಗಿ ಬಡಿದರೆ ಸುಕ್ಕುಗಟ್ಟುವುದು ಆ ಗೋಡೆ. ದೊಡ್ಡ ಟೈರು ಇದೆಯೆಂಬ ಧೈರ್ಯದಲ್ಲಿ ಇನ್ನೂ ಕೆಟ್ಟ ನೆಲದಲ್ಲಿ ಇಳಿಯಲು ಹೋದವನು ಟೈರಿನ ಬದಲು ಗೋಡೆಯನ್ನು ಪರೀಕ್ಷೆಗೆ ಒಡ್ಡುತ್ತಾನೆ. ಇದಕ್ಕೇ ವಿಮಾನದ ಗಾಲಿಯನ್ನು ಬಂಡಿಯ ಗಾಲಿಯಂತೆ ಸಂತೆಯಲ್ಲಿ ಕೊಂಡು ತಂದು ಹಾಕಿಕೊಳ್ಳುವಂತಿಲ್ಲ. ಆ ಮಾದರಿಗೆ ಮಂಜೂರಾದ ಟೈರು, ಫೋರ್ಕುಗಳನ್ನಷ್ಟೇ ಹಾಕಬೇಕು. ಹೊಸದೇನಾದರೂ ಮಾಡುವುದಿದ್ದರೆ ಲೆಕ್ಕ, ಪರೀಕ್ಷೆಗಳ ಸಮೇತ ಅಧಿಕಾರಿಗಳ ಒಪ್ಪಿಗೆ ಪಡೆಯಬೇಕು. ಭಾರತದಲ್ಲಿ ಈ ಒಪ್ಪಿಗೆ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ.

ಅಲಾಸ್ಕದ ಹಿಮನಾಡಿನಲ್ಲಿ ನದಿಯ ದಂಡೆಯ ಕಲ್ಲುಗಳ ಮೇಲೆ ಇಳಿಯುವವರು ಬೇರೆಯೇ ದಾರಿ ಹಿಡಿದಿದ್ದಾರೆ. ಅವರ ಪೈಪರ್ ಸೂಪರ್ ಕಬ್‌ನಂಥ ವಿಮಾನಗಳಿಗೆ ಬಲೂನಿನಂತೆ ಉಬ್ಬಿದ ಭಾರಿ ಟೈರುಗಳಿರುತ್ತವೆ. ಮೂರನೆಯ ಗಾಲಿ ಮಾತ್ರ ಬಾಲದ ಕೆಳಗೆ. ಮುಂದಿನ ಗಾಲಿಯಿದ್ದ ಪೈಪರ್ ಟ್ರೈಪೇಸರ್ ವಿಮಾನವನ್ನು ಮತ್ತೆ ಬಾಲದ ಗಾಲಿಗೆ ಮಾರ್ಪಡಿಸಿಕೊಂಡವರೂ ಇದ್ದಾರೆ. ನೆಲ ತೀರ ಒರಟಾದಾಗ ಅವರು ಮುಂದಿನ ಗಾಲಿಯನ್ನು ದೊಡ್ಡದು ಮಾಡಲು ಹೋಗದೆ ಅದನ್ನು ಅಲ್ಲಿಂದ ತೆಗೆದೇಬಿಟ್ಟರು.

ನೆಲಕ್ಕೆ ಬಿದ್ದ ಲೆಕ್ಕ

ಹೊಸಪೇಟೆಯ ಸುತ್ತಿನ ನೆಲಕ್ಕೆ ಮರಳಿದರೆ ಈ ಎಲ್ಲ ಉಪಾಯಗಳೂ ಇಲ್ಲಿ ಒಂದಲ್ಲ ಒಂದು ರೂಪದಲ್ಲಿ ಕಾಣುತ್ತವೆ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಸಲುವಾಗಿ ಕಟ್ಟಿದ ವಿಮಾನ ನಿಲ್ದಾಣಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಕಂಪನಿಯ ಎಟಿಆರ್-72 ವಿಮಾನಗಳು ಹೈದರಾಬಾದು, ಬೆಂಗಳೂರುಗಳಿಂದ ಬರತೊಡಗಿದವು. ಆ ಕಂಪನಿಯ ಹಾರಾಟ 2022ರಲ್ಲಿ ನಿಂತಿತು. ಎಟಿಆರ್-72ಕ್ಕೆ ಮುಂದೆ ಎರಡು, ಹಿಂದೆ ನಾಲ್ಕು, ಒಟ್ಟು ಆರು ಗಾಲಿಗಳು. ವಿಮಾನದ ಗಾತ್ರಕ್ಕೆ ಹೋಲಿಸಿದರೆ ಅವು ಪುಟ್ಟವು. ಗಟ್ಟಿ ರನ್‌ವೇ ಇರುವ ಕಡೆ ದೊಡ್ಡ ಗಾಲಿಯ ಹಂಗಿಲ್ಲ. ತೇರಿಗಾಗಿ ಬೀದಿ ಮಾಡಿದ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆ. ಹಂಪಿ ಉತ್ಸವದ ದಿನಗಳಲ್ಲಿ ಪ್ರವಾಸಿಗಳಿಗೆ ಹೆಲಿಕಾಪ್ಟರ್ ಸವಾರಿ ಏರ್ಪಟ್ಟದ್ದೂ ಉಂಟು. ರನ್‌ವೇಯ ಗೊಡವೆಯೇ ಇಲ್ಲದ ಅದನ್ನು ಹೇರೆತ್ತಿನ ಸಾಲಿಗೆ ಸೇರಿಸಬಹುದು.

ಕಂಪ್ಲಿಯ ಬತ್ತದ ಗದ್ದೆಯಲ್ಲಿ ಬದಲಾದದ್ದು ಗಾಲಿ. ಕೆಸರು ಗದ್ದೆ ಹದ ಮಾಡುವ ಟ್ರ್ಯಾಕ್ಟರಿಗೆ ಪಂಜರದಂಥ ಕಬ್ಬಿಣದ ಕೇಜ್‌ವೀಲ್ ಹಾಕುತ್ತಾರೆ. ಗದ್ದೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಬಿಚ್ಚಿಡುವ ಬೇಸರಕ್ಕೆ ಅದನ್ನು ಹಾಗೇ ರಸ್ತೆಗೆ ತಂದರೆ ಡಾಂಬರು ಕಿತ್ತುಹೋಗುತ್ತದೆ. ತುಂಗಭದ್ರೆಯ ನೀರು ಹರಿಯುವ ಬತ್ತದ ಸೀಮೆಯಲ್ಲಿ ಇದು ಮುಗಿಯದ ತಕರಾರು. ಒಂದು ನೆಲಕ್ಕೆ ಹೊಂದಿದ ಗಾಲಿ ಇನ್ನೊಂದು ನೆಲಕ್ಕೆ ಕಂಟಕ.

ಸಂಡೂರಿನ ಪಾಠ ಇನ್ನೂ ಕಹಿ. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ಗುಡ್ಡಗಳಿಂದ ಲಾರಿಗಳು ಸಾಲುಗಟ್ಟಿ ಇಳಿದವು. ಮಿತಿ ಮೀರಿ ಹೇರಿದ ಅದಿರಿನ ಭಾರಕ್ಕೆ ಸಂಡೂರು, ಹೊಸಪೇಟೆಯ ರಸ್ತೆಗಳು ಕಿತ್ತು ಕೆಂಪು ಧೂಳಾದವು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲಷ್ಟೇ ಆ ಸಾಲು ನಿಂತದ್ದು. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯೊಂದರಿಂದ ಎಂಜಿನಿಯರುಗಳು ಕಲಿತ ಸೂತ್ರವೊಂದಿದೆ: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು. ಆ ಲಾರಿಗಳ ಟೈರಿನಲ್ಲಿ ದೋಷವಿರಲಿಲ್ಲ, ರಸ್ತೆಯದೂ ತಪ್ಪಲ್ಲ. ತಪ್ಪಿದ್ದುದು ಹೊರೆಯಲ್ಲಿ.

ನೆಲ ಬದಲಿಸಬೇಕೋ ಗಾಲಿ ಬದಲಿಸಬೇಕೋ ಎಂದು ಕೇಳುವಾಗ ಮರೆತುಹೋಗುವ ಮೂರನೆಯ ಸಂಗತಿ ಇದೇ. ಮೆತ್ತನೆಯ ನೆಲದಲ್ಲಿ ಓಡುವಾಗ ಕಡ್ಡಿಯನ್ನು ಹಿಂದಕ್ಕೆ ಎಳೆದು ಹಿಡಿ, ಮುಂದಿನ ಗಾಲಿಯ ಮೇಲೆ ತೂಕ ಬೀಳಲು ಬಿಡಬೇಡ ಎಂಬುದು ಹಾರಾಟ ಶಾಲೆಯ ಪಾಠಗಳಲ್ಲೊಂದು. ದೊಡ್ಡ ಟೈರಿನಿಂದ ಸಿಗುವ ಲಾಭದ ಒಂದು ಪಾಲು ಕಾಸು ಖರ್ಚಿಲ್ಲದೆ ಇದರಿಂದಲೇ ಸಿಗುತ್ತದೆ. ಬಂಡಿ ಹೊಡೆಯುವವನಿಗೆ ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಗಾಲಿ ಕೆಸರಿನಲ್ಲಿ ಹೂತಾಗ ಅವನು ಮೊದಲು ಮಾಡುವ ಕೆಲಸ ಬಂಡಿಯಿಂದ ಕೆಳಗಿಳಿಯುವುದು. ಎರಡನೆಯದು ಎರಡು ಮೂಟೆ ಇಳಿಸುವುದು. ಗಾಲಿಗೆ ಹೆಗಲು ಕೊಡುವುದು ಆಮೇಲೆ.